ರೋಮಿನ ಪೀಠ, ಮಲಪ್ರಭೆಯ ಸೀಮೆ

ಅಕ್ಟೋಬರ್ 23 ಬಂತೆಂದರೆ ಕಿತ್ತೂರಿಗೆ ಉತ್ಸವ. 1824ರ ಆ ದಿನ ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಗುಂಡೇಟಿಗೆ ಬಿದ್ದದ್ದನ್ನು ನಮ್ಮ ಸೀಮೆಯ ಸಣ್ಣ ಮಕ್ಕಳೂ ಹೇಳುತ್ತಾರೆ. ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಯ ಮುಂದೆ ನಿಂತವರಿಗೆ ಇನ್ನೊಂದು ತಾರೀಖು ನೆನಪಾಗುತ್ತದೆ: 1829ರ ಫೆಬ್ರವರಿ 2. ಈ ಎರಡು ತಾರೀಖುಗಳನ್ನು ನಾವು ಯಾರ ಲೆಕ್ಕದಲ್ಲಿ ಎಣಿಸುತ್ತಿದ್ದೇವೆ ಎಂದು ಕೇಳಿಕೊಂಡವರು ಕಡಿಮೆ. ಅದು ರೋಮಿನ ಪೋಪ್ 13ನೆಯ ಗ್ರೆಗರಿಯವರ ಲೆಕ್ಕ. 1582ರಲ್ಲಿ ಅವರು ಹಳೆಯ ಪಂಚಾಂಗವನ್ನು ತಿದ್ದಿಸಿ, ಅಕ್ಟೋಬರ್ 4ರ ಗುರುವಾರ ಮಲಗಿದವರು ಅಕ್ಟೋಬರ್ 15ರ ಶುಕ್ರವಾರ ಏಳುವಂತೆ ಆಜ್ಞೆ ಹೊರಡಿಸಿದರು. ಅದಾಗಿ ಮೂರು ವರ್ಷಕ್ಕೆ, 1585ರಲ್ಲಿ, ಕಿತ್ತೂರು ದೇಸಗತಿಯ ಕತೆ ಶುರುವಾಗುತ್ತದೆ.

ಇಂಗ್ಲಿಷರು ಪೋಪರ ವಿರೋಧಿಗಳು. ರೋಮಿನಿಂದ ಬಂದದ್ದೆಂಬ ಒಂದೇ ಕಾರಣಕ್ಕೆ ಆ ಪಂಚಾಂಗವನ್ನು 170 ವರ್ಷ ಹತ್ತಿರ ಸೇರಿಸಲಿಲ್ಲ. 1752ರಲ್ಲಿ, ಬೇರೆ ದಾರಿ ಕಾಣದೆ, ಒಪ್ಪಿದರು. ಒಪ್ಪದೇ ಇದ್ದಿದ್ದರೆ ಥ್ಯಾಕರೆ ಸತ್ತ ದಿನ ಕಂಪನಿಯ ದಫ್ತರದಲ್ಲಿ ಅಕ್ಟೋಬರ್ 11 ಎಂದು ದಾಖಲಾಗುತ್ತಿತ್ತು, ಕಿತ್ತೂರು ಉತ್ಸವದ ತಾರೀಖೂ ಅದೇ ಆಗುತ್ತಿತ್ತು. ಈ ಥ್ಯಾಕರೆಯ ಪೂರ್ತಿ ಹೆಸರು ಸೇಂಟ್ ಜಾನ್ ಥ್ಯಾಕರೆ. ಅದರಲ್ಲಿನ 'ಸೇಂಟ್' ತಂದೆತಾಯಿ ಇಟ್ಟ ಹೆಸರಿನ ಭಾಗ. ಪೋಪರು ಕೊಡುವ ಸಂತಪದವಿಗೂ ಅದಕ್ಕೂ ಸಂಬಂಧವಿಲ್ಲ. ಶಾಲೆಯಲ್ಲಿ ನನ್ನನ್ನೂ ಈ ಸಂಶಯ ಬಹಳ ದಿನ ಕಾಡಿತ್ತು.

ಪೋಪ್ ಗ್ರೆಗರಿಗೆ ಪಂಚಾಂಗ ತಿದ್ದುವ ಉಸಾಬರಿ ಯಾಕೆ ಬೇಕಿತ್ತು ಎಂಬುದನ್ನು ಸವದತ್ತಿಯವರಿಗೆ ತಿಳಿಸಿ ಹೇಳುವುದು ಸುಲಭ. ಎಲ್ಲಮ್ಮನ ಗುಡ್ಡದ ಜಾತ್ರೆ ಹುಣ್ಣಿಮೆಯನ್ನು ಹಿಡಿದು ನಡೆಯುತ್ತದೆ: ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆ. ಕ್ರೈಸ್ತರ ಈಸ್ಟರ್ ಹಬ್ಬವೂ ಹುಣ್ಣಿಮೆಯದ್ದೇ. ಮಾರ್ಚ್ 21ನ್ನು ಹಗಲೂ ರಾತ್ರಿಯೂ ಸಮವಾಗುವ ದಿನವೆಂದು ಹಿಡಿದು, ಅಲ್ಲಿಂದ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರ್. ಹಳೆಯ ಲೆಕ್ಕದಲ್ಲಿ ವರ್ಷಕ್ಕೆ ಹನ್ನೊಂದು ನಿಮಿಷದಷ್ಟು ತಪ್ಪು ಸೇರುತ್ತಾ ಹೋಗಿ, ನಾಲ್ಕನೆಯ ಶತಮಾನದಿಂದ ಹತ್ತು ದಿನ ಹಿಂದುಮುಂದಾಗಿತ್ತು. ಹಬ್ಬದ ಹುಣ್ಣಿಮೆ ತಪ್ಪಿಹೋಗುತ್ತಿದೆ ಎಂಬ ಚಿಂತೆಯೇ ಜಗತ್ತಿನ ಕ್ಯಾಲೆಂಡರನ್ನು ಬದಲಿಸಿತು. 2023ರಲ್ಲಿ ದವನದ ಹುಣ್ಣಿಮೆ ಏಪ್ರಿಲ್ 6ಕ್ಕೆ ಬಿತ್ತು, ಈಸ್ಟರ್ 9ಕ್ಕೆ. ಗುಡ್ಡದಿಂದ ಇಳಿದು ಬರುವವರೂ ಚರ್ಚಿಗೆ ಹೋಗುವವರೂ ಆ ವಾರ ಒಂದೇ ಚಂದ್ರನನ್ನು ನೋಡಿಕೊಂಡು ನಡೆದಿದ್ದರು.

ಕ್ರೈಸ್ತ ಜನಸಂಖ್ಯೆ ಬಹಳ ಸಣ್ಣದಾಗಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಚರಿತ್ರೆಯಲ್ಲಿ ಪೋಪರ ಪ್ರಭಾವ ಎಂಬ ಮಾತು ದೊಡ್ಡದಾಯಿತು ಎಂದು ಅನಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು. ಹುಡುಕುತ್ತಾ ಹೋದಂತೆ ಕಂಡದ್ದು ಬೇರೆ. ರೋಮಿನ ಪೀಠ ಈ ನೆಲವನ್ನು ಮೂರು ನೂರು ವರ್ಷ ಕಾಗದದ ಮೇಲೆ ಆಳಿತು. ಇಲ್ಲಿ ಯಾರಿಗೂ ಅದರ ಸುದ್ದಿ ಇರಲಿಲ್ಲ. ಅದು ಇಲ್ಲಿಯ ಜನರ ಕಣ್ಣಿಗೆ ಬಿದ್ದದ್ದು ಕಾವಿ ಉಟ್ಟ ನಾಲ್ಕಾರು ಜನ ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿಗೆ ಬಂದು ಕುಳಿತಾಗ.

ಮೊದಲು ಪೀಠದ ಮಾತು. ನಮ್ಮ ಕಡೆ ಪೀಠ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕಿತ್ತೂರಿನ ಕಲ್ಮಠ ರಾಜಗುರು ಸಂಸ್ಥಾನ. ದೊರೆಯ ಪಟ್ಟಕ್ಕೆ ಗುರುವಿನ ಆಶೀರ್ವಾದ ಬೇಕು, ಗುರುವಿನ ಮಠಕ್ಕೆ ದೊರೆಯ ದತ್ತಿ ಬೇಕು ಎಂಬ ವ್ಯವಹಾರ ಯುರೋಪಿನಲ್ಲೂ ಸಾವಿರ ವರ್ಷ ನಡೆಯಿತು. ಕನ್ನಡದ ಕ್ಯಾಥೊಲಿಕರು ಪೋಪರನ್ನು ಜಗದ್ಗುರುಗಳು ಎಂದೇ ಕರೆಯುತ್ತಾರೆ. ಬೆಳಗಾವಿ, ಖಾನಾಪುರ ಕಡೆಯ ಕೊಂಕಣಿ ಮನೆಗಳಲ್ಲಿ ಅವರು ಪಾಪ್ ಸಾಯ್ಬ್. ಜಗದ್ಗುರು ಎಂಬ ಪದವನ್ನು ಕನ್ನಡ ಕ್ರೈಸ್ತರು ಆರಿಸಿಕೊಂಡದ್ದರಲ್ಲಿ ಔಚಿತ್ಯವಿದೆ. ಪಂಚಪೀಠಗಳ ಹೆಸರು ಕೇಳಿ ಬೆಳೆದ ನೆರೆಯವರಿಗೆ ಬೇರೆ ಯಾವ ಪದವೂ ಇಷ್ಟು ಬೇಗ ತಿಳಿಯುತ್ತಿರಲಿಲ್ಲ.

ಪೀಠಕ್ಕೆ ಉತ್ತರಾಧಿಕಾರಿ ಯಾರು ಎಂಬಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ. ನಮ್ಮ ಮಠಗಳಲ್ಲಿ ಗುರು ತನ್ನ ಕಣ್ಣೆದುರೇ ಮರಿಯನ್ನು ಆರಿಸುವುದುಂಟು. ರೋಮಿನಲ್ಲಿ ಬದುಕಿರುವ ಪೋಪರು ಮುಂದಿನವರನ್ನು ಹೆಸರಿಸುವಂತಿಲ್ಲ. 1059ರಲ್ಲಿ ಆರಿಸುವ ಹಕ್ಕು ಕಾರ್ಡಿನಲ್‌ರಿಗೆ ಹೋಯಿತು. 1179ರಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕೆಂದಾಯಿತು. ಆದರೂ 1268ರಿಂದ 1271ರವರೆಗೆ ವಿತೆರ್ಬೊ ಎಂಬ ಊರಲ್ಲಿ ಕಾರ್ಡಿನಲ್‌ರು ಹತ್ತಿರ ಹತ್ತಿರ ಮೂರು ವರ್ಷ ಕುಳಿತರೂ ಒಂದು ಹೆಸರಿಗೆ ಬರಲಿಲ್ಲ. ಬೇಸತ್ತ ಊರವರು ಅವರನ್ನು ಒಳಗೆ ಹಾಕಿ, ಊಟ ಕಡಿಮೆ ಮಾಡಿ, ಕೊನೆಗೆ ಚಾವಣಿಯನ್ನೇ ಕಿತ್ತರೆಂದು ಪ್ರತೀತಿ. ಹಾಗೆ ಆರಿಸಿ ಬಂದ 10ನೆಯ ಗ್ರೆಗರಿ 1274ರಲ್ಲಿ, ಬಾಗಿಲು ಹಾಕಿಕೊಂಡೇ ಆರಿಸಬೇಕೆಂದು ನಿಯಮ ಮಾಡಿದರು. ಇಂದು ಬಿಳಿ ಹೊಗೆಗೆ ಟಿವಿಯ ಮುಂದೆ ಕಾಯುತ್ತೇವಲ್ಲ, ಆ ಬಾಗಿಲು ಹಾಕುವ ಪದ್ಧತಿಯ ಮೂಲ ಅದು.

ಕಿತ್ತೂರಿನವರು ಈ ಸಂಗತಿಯನ್ನು ಸುಮ್ಮನೆ ಕೇಳಿ ಬಿಡಲಾರರು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಮಾಸ್ತಮರಡಿಯ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಉತ್ತರಾಧಿಕಾರಿಯ ಕಾಗದಕ್ಕೆ ಪರರ ರುಜು ಬೇಕಾದ ಸಂಸ್ಥಾನ ಮೂರೇ ತಿಂಗಳಲ್ಲಿ ಕುಸಿಯಿತು. ಮಗನೂ ಇಲ್ಲದ, ದತ್ತಕವೂ ಇಲ್ಲದ ರೋಮಿನ ಗದ್ದುಗೆ ಎರಡು ಸಾವಿರ ವರ್ಷದ ಹತ್ತಿರ ಬಂದು ನಿಂತಿದೆ. ನಡುವೆ ಅದು ಮಾಡಿಕೊಂಡ ಅನರ್ಥಗಳೇನೂ ಕಡಿಮೆಯಲ್ಲ. ಒಂದು ಕಾಲಕ್ಕೆ ಇಬ್ಬರು, ಮೂವರು ಪೋಪರು ಏಕಕಾಲಕ್ಕೆ ಪೀಠ ತಮ್ಮದೆಂದು ಜಗಳಾಡಿದ್ದೂ ಉಂಟು. ಮಠದ ಗದ್ದುಗೆಗೆ ಕೋರ್ಟು ಹತ್ತಿದ ಕತೆಗಳನ್ನು ಕಂಡ ನಮಗೆ ಅದೇನೂ ಹೊಸದಲ್ಲ.

ಪೋಪರ ಅಧಿಕಾರ ಏರುಗಾಲದಲ್ಲಿದ್ದಾಗ ಈ ಸೀಮೆಯನ್ನು ಆಳುತ್ತಿದ್ದವರು ರಟ್ಟರು. ಸುಗಂಧವರ್ತಿ, ಅಂದರೆ ಇಂದಿನ ಸವದತ್ತಿ, ಅವರ ಮೊದಲ ರಾಜಧಾನಿ. ಆಮೇಲೆ ವೇಣುಗ್ರಾಮ, ಅಂದರೆ ಬೆಳಗಾವಿ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ. ಅದೇ 1204ರಲ್ಲಿ, ಪೋಪ್ 3ನೆಯ ಇನೊಸೆಂಟ್ ಕರೆ ಕೊಟ್ಟಿದ್ದ ಧರ್ಮಯುದ್ಧದ ಪಡೆ ಅವರದೇ ಮಾತು ಮೀರಿ ಕ್ರೈಸ್ತರದ್ದೇ ಆದ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂರೆ ಮಾಡಿತು. ಇಲ್ಲಿ ಕಲ್ಲಿನಲ್ಲಿ ಕಮಲ ಅರಳುತ್ತಿದ್ದಾಗ ಅಲ್ಲಿ ಕ್ರೈಸ್ತರೇ ಕ್ರೈಸ್ತರ ಚರ್ಚುಗಳನ್ನು ದೋಚುತ್ತಿದ್ದರು. ಎರಡು ನೆಲಗಳಿಗೂ ಆಗ ಪರಸ್ಪರ ಪರಿಚಯವೇ ಇರಲಿಲ್ಲ.

ಪರಿಚಯವಾದದ್ದು ಪೋರ್ಚುಗೀಜರ ಹಡಗಿನ ಮೂಲಕ. ಹೊಸ ನೆಲಗಳಲ್ಲಿ ಚರ್ಚು ಕಟ್ಟುವ, ಬಿಷಪ್ಪರನ್ನು ಸೂಚಿಸುವ ಹಕ್ಕನ್ನು ಪೋಪರು ಒಂದೊಂದಾಗಿ ಪೋರ್ಚುಗಲ್ಲಿನ ದೊರೆಗೆ ಬರೆದುಕೊಟ್ಟಿದ್ದರು. ಅದಕ್ಕೆ ಪದ್ರುವಾದೊ ಎಂದು ಹೆಸರು. 1534ರಲ್ಲಿ ಗೋವಾ ಧರ್ಮಪ್ರಾಂತ್ಯವಾಯಿತು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಕೋರ್ಟು ಬಂತು. ಆ ಭಯಕ್ಕೆ ಘಟ್ಟ ಹತ್ತಿ ಬಂದ ಕೊಂಕಣಿ ಕುಟುಂಬಗಳ ಕತೆ ಕರ್ನಾಟಕದ ಉದ್ದಗಲಕ್ಕೂ ಇದೆ. ರೋಮಿಗೆ ಪೋರ್ಚುಗಲ್ಲಿನ ದೊರೆಯ ಮೇಲೆ ಬರಬರುತ್ತಾ ನಂಬಿಕೆ ತಪ್ಪಿತು. 1622ರಲ್ಲಿ 15ನೆಯ ಗ್ರೆಗರಿ ಪ್ರೊಪಗಾಂಡ ಫೀದೆ ಎಂಬ ಧರ್ಮಪ್ರಸಾರದ ಇಲಾಖೆ ತೆರೆದು, ಬರೆದುಕೊಟ್ಟ ಹಕ್ಕನ್ನು ಪಕ್ಕದ ಬಾಗಿಲಿನಿಂದ ವಾಪಸು ಪಡೆಯಲು ನೋಡಿದರು.

ಆ ಪಕ್ಕದ ಬಾಗಿಲೇ ನಮ್ಮ ಸೀಮೆ. ಗೋವಾದ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಕ್ರೈಸ್ತ ಮತೇವುಸ್ ದಿ ಕಾಸ್ತ್ರೊ ಗುರುದೀಕ್ಷೆ ಬೇಡಿದಾಗ ಗೋವಾದ ಆರ್ಚ್‌ಬಿಷಪ್ಪರು ಕೊಡಲಿಲ್ಲ. ಕಪ್ಪು ಮೈಯವನಿಗೆ ಆ ಪಟ್ಟವೇ ಎಂಬುದು ಅಂದಿನ ಭಾವನೆ. ಆತ ನಡೆದೂ ಹಡಗೇರಿಯೂ ರೋಮಿಗೇ ಹೋದ. ಅಲ್ಲಿ ಓದಿದ, ಗುರುವಾದ. 1637ರಲ್ಲಿ, ಪೋಪ್ 8ನೆಯ ಅರ್ಬನ್ ಕಾಲದಲ್ಲಿ, ಬಿಷಪ್ಪನಾದ. ಅವನಿಗೆ ಒಪ್ಪಿಸಿದ ಸೀಮೆಯ ಹೆಸರು ಇದಲ್ಕಾನ್. ಆದಿಲ್ ಖಾನ್ ಎಂಬುದನ್ನು ಪೋರ್ಚುಗೀಜರು ಹಾಗೆ ಉಚ್ಚರಿಸುತ್ತಿದ್ದರು. ಬಿಜಾಪುರದ ಮುಹಮ್ಮದ್ ಆದಿಲ್‌ಶಾಹನ ರಾಜ್ಯ ಅದು. ನಮ್ಮ ನಾಲ್ಕು ತಾಲ್ಲೂಕುಗಳ ನೆಲವೂ ಅದರೊಳಗೇ.

ಯುರೋಪಿಯನ್ನರಿಗೆ ಮೀಸಲಾಗಿದ್ದ ಪಟ್ಟ ಹೀಗೆ ಲ್ಯಾಟಿನ್ ಪದ್ಧತಿಯ ಒಬ್ಬ ಭಾರತೀಯನಿಗೆ ಮೊದಲ ಸಲ ದಕ್ಕಿದ್ದು ಬಿಜಾಪುರದ ಹೆಸರಿನಲ್ಲಿ. ಪೋರ್ಚುಗೀಜ್ ನೆಲದಲ್ಲಿ ಕಾಲಿಡಲು ಅವನಿಗೆ ಬಿಡಲಿಲ್ಲ. ಅವನು ಕೊಟ್ಟ ದೀಕ್ಷೆಗಳನ್ನು ಗೋವಾದವರು ಒಪ್ಪಲಿಲ್ಲ. ಬಿಜಾಪುರದ ಸುಲ್ತಾನನೇ ಅವನಿಗೆ ನೆಲೆ ಕೊಟ್ಟ. ಗೋವಾದ ಗಡಿಗೆ ಹತ್ತಿದ ಡಿಚೋಲಿಯಲ್ಲಿ ಕುಳಿತು ಅವನು ಚರ್ಚು ಕಟ್ಟಿದ, ಹುಡುಗರನ್ನು ತಯಾರು ಮಾಡಿದ, ಪೋರ್ಚುಗೀಜರ ವಿರುದ್ಧ ಸುಲ್ತಾನನನ್ನೂ ಡಚ್ಚರನ್ನೂ ಎತ್ತಿಕಟ್ಟಲು ನೋಡಿದ. ದುಡುಕಿನ, ಜಗಳಗಂಟ ಮನುಷ್ಯ. ಆದರೆ ಅವಮಾನ ನುಂಗಿಕೊಂಡು ಕೂರುವವನಾಗಿದ್ದರೆ ಬಿಷಪ್ಪನೇ ಆಗುತ್ತಿರಲಿಲ್ಲ. 1677ರಲ್ಲಿ ರೋಮಿನಲ್ಲೇ ತೀರಿಕೊಂಡ. ಒಬ್ಬ ಮುಸ್ಲಿಂ ಸುಲ್ತಾನನ ಆಸರೆಯಲ್ಲಿ, ಕ್ರೈಸ್ತ ದೊರೆಯ ಕಣ್ಣು ತಪ್ಪಿಸಿ, ಪೋಪರ ಪ್ರತಿನಿಧಿಯೊಬ್ಬ ಕೆಲಸ ಮಾಡಿದ ಈ ಅಧ್ಯಾಯ ನಮ್ಮ ಪಠ್ಯಪುಸ್ತಕಗಳಿಗೆ ಬಂದಿಲ್ಲ. ಬರಬೇಕಿತ್ತು.

ಆಮೇಲಿನ ಇನ್ನೂರು ವರ್ಷ ಗೋವಾ ಕಡೆಯ ಗುರುಗಳಿಗೂ ರೋಮ್ ಕಳಿಸಿದ ಗುರುಗಳಿಗೂ ಎಳೆದಾಟ. ಒಂದೇ ಊರಲ್ಲಿ ಎರಡು ಚರ್ಚು, ಎರಡು ದಿಕ್ಕಿನ ನಿಷ್ಠೆ. 1838ರಲ್ಲಿ ಪೋಪರು ಗೋವಾದ ಕೈ ಕತ್ತರಿಸಿದರು, 1857ರ ಒಪ್ಪಂದದಲ್ಲಿ ತುಸು ಸಡಿಲಿಸಿದರು. ನಡುವೆ ಕಿತ್ತೂರು ಬಿದ್ದಿತ್ತು, ಬೆಳಗಾವಿಯಲ್ಲಿ ದಂಡು ನೆಲೆಯೂರಿತ್ತು. ದಂಡಿನಲ್ಲಿ ಐರಿಷ್ ಸಿಪಾಯಿಗಳಿದ್ದರು. ಐರಿಷ್ ಸಿಪಾಯಿ ಎಂದರೆ ಬಹುಪಾಲು ಪೋಪರ ಕಡೆಯವನು. ಬೆಳಗಾವಿ ಕ್ಯಾಂಪಿನ ಸೇಂಟ್ ಪಾಲ್ಸ್ ಶಾಲೆ ಹುಟ್ಟಿದ್ದು 1856ರಲ್ಲಿ. ಮುಂದೆ ಬೈಲಹೊಂಗಲದ ಹತ್ತಿ ವ್ಯಾಪಾರಿಗಳೂ ಗೌಡ ದೇಸಾಯರ ಮನೆತನದವರೂ ಮಕ್ಕಳನ್ನು ಬೆಳಗಾವಿಯ ಕಾನ್ವೆಂಟಿಗೆ ಹಾಕಬೇಕೆಂದು ಹಂಬಲಿಸಿದ ಆ ದಾರಿ ತೆರೆದದ್ದು ಅಲ್ಲಿ. ಚರ್ಚಿನ ಪ್ರಭಾವ ಎಂದಾಗ ಜನರ ನಾಲಗೆಯ ಮೇಲೆ ಮೊದಲು ಬರುವ ಪದ ಬೈಬಲ್ ಅಲ್ಲವೇ ಅಲ್ಲ, ಕಾನ್ವೆಂಟ್.

1886ರ ಸೆಪ್ಟೆಂಬರ್ 1ರಂದು 13ನೆಯ ಲಿಯೊ ಭಾರತಕ್ಕೆಲ್ಲ ಹೊಸ ಧರ್ಮಪ್ರಾಂತ್ಯಗಳ ಗಡಿ ಹಾಕಿದರು. ಪುಣೆ ಧರ್ಮಪ್ರಾಂತ್ಯ ಆಗ ಆದದ್ದು. ಅದು ಜೆಸ್ವಿತ ಎಂಬ ಸಂಘದ ಜರ್ಮನ್ ಗುರುಗಳ ಕೈಯಲ್ಲಿತ್ತು. ಬೆಳಗಾವಿ ಸೀಮೆಯಲ್ಲಿ ಪುಣೆ, ಗೋವಾ ಎರಡರ ಅಧಿಕಾರವೂ ಹೆಣೆದುಕೊಂಡಿತ್ತು. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಕಂದಾಯಕ್ಕೆ, ಕೋರ್ಟಿಗೆ ಅದರದ್ದೇ ಗಡಿ. ರೋಮಿನ ನಕ್ಷೆಗೆ ಆ ಗಡಿ ಲೆಕ್ಕಕ್ಕಿಲ್ಲ. ಸಂಸ್ಥಾನ ಭಾರತದಲ್ಲಿ ವಿಲೀನವಾದದ್ದು 1948ರಲ್ಲಿ; ಪೋಪರ ಕಾಗದದಲ್ಲಿ ಅದು ಎಷ್ಟೋ ಮೊದಲೇ ನೆರೆಯ ತಾಲ್ಲೂಕುಗಳ ಜೊತೆ ಒಂದಾಗಿತ್ತು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಜರ್ಮನ್ ಗುರುಗಳನ್ನು ಶಿಬಿರಕ್ಕೆ ಹಾಕಿ, ಊರಿಗೆ ಅಟ್ಟಿದರು. ಪುಣೆಯ ಬಿಷಪ್ ಹೆನ್ರಿ ಡೋರಿಂಗ್ ಮರಳಲಾಗದೆ, 1921ರಲ್ಲಿ ಜಪಾನಿನ ಹಿರೋಶಿಮಾಕ್ಕೆ ನೇಮಕವಾಗಿ, 1927ರಲ್ಲಿ ತಿರುಗಿ ಪುಣೆಗೇ ಬಂದರು. ಕ್ರೈಸ್ತ ಸಭೆ ಎಂಬುದು ಎಷ್ಟು ದೊಡ್ಡ ಇಲಾಖೆ ಎಂಬುದಕ್ಕೆ ಆ ಒಂದು ವರ್ಗಾವಣೆ ಸಾಕು.

1950ರಲ್ಲಿ ಪೋರ್ಚುಗಲ್ಲಿನ ಹಳೆಯ ಹಕ್ಕು ಭಾರತದ ನೆಲದಲ್ಲಿ ಪೂರ್ತಿ ಕೊನೆಗೊಂಡಿತು. 1953ರ ಸೆಪ್ಟೆಂಬರ್ 19ರಂದು 12ನೆಯ ಪಿಯುಸ್ ಗೋವಾ ಮತ್ತು ಪುಣೆಗಳಿಂದ ನೆಲ ಬಿಡಿಸಿ ಬೆಳಗಾವಿ ಧರ್ಮಪ್ರಾಂತ್ಯವನ್ನು ಕಟ್ಟಿದರು. ಬೆಂಗಳೂರು ಮಹಾಧರ್ಮಪ್ರಾಂತ್ಯವಾದದ್ದೂ ಅದೇ ದಿನ. ನಮ್ಮ ಜಿಲ್ಲೆ ಆಗ ಮುಂಬಯಿ ರಾಜ್ಯದಲ್ಲಿತ್ತು. ಕನ್ನಡ ರಾಜ್ಯಕ್ಕೆ ಸೇರಲು ಇನ್ನೂ ಮೂರು ವರ್ಷ ಬೇಕಿತ್ತು. ಮೊದಲ ಬಿಷಪ್ ಮೈಕೆಲ್ ರೊಡ್ರಿಗಸ್. 1967ರಿಂದ 1994ರವರೆಗೆ ಇಗ್ನೇಷಿಯಸ್ ಲೋಬೊ. ಅವರ ಕಾಲದಲ್ಲೇ, 1976ರಲ್ಲಿ, ಕಾರವಾರ ಬೇರೆ ಧರ್ಮಪ್ರಾಂತ್ಯವಾಯಿತು. ಆಮೇಲೆ ಬಂದ ಬರ್ನಾರ್ಡ್ ಮೊರಾಸ್ 2004ರಲ್ಲಿ ಬೆಂಗಳೂರಿನ ಆರ್ಚ್‌ಬಿಷಪ್ ಆಗಿ ಹೋದರು. ಅವರ ನಂತರದ ಪೀಟರ್ ಮಚಾದೊ ಕೂಡ 2018ರಲ್ಲಿ ಅದೇ ಪೀಠಕ್ಕೆ ಹೋದರು. 2019ರಿಂದ ಡೆರೆಕ್ ಫರ್ನಾಂಡಿಸ್. ಬೆಂಗಳೂರಿನ ಗದ್ದುಗೆಗೆ ಒಂದರ ಹಿಂದೆ ಒಂದರಂತೆ ಇಬ್ಬರನ್ನು ಕೊಟ್ಟ ಊರು ಬೆಳಗಾವಿ ಎಂದು ಇಲ್ಲಿಯ ಕ್ರೈಸ್ತರು ಹೆಮ್ಮೆಪಟ್ಟರೆ ತಪ್ಪಿಲ್ಲ.

ಇಷ್ಟೆಲ್ಲ ಆಡಳಿತದ ಕತೆ. ಜನರ ನಡುವೆ ನಡೆದದ್ದನ್ನು ತಿಳಿಯಲು ದೇಶನೂರಿಗೆ ಹೋಗಬೇಕು. ದೇಶನೂರಿಗೆ ಹೋಗುವ ಮುನ್ನ ಮದುರೆಗೆ.

1606ರಲ್ಲಿ ಇಟಲಿಯ ಜೆಸ್ವಿತ ರಾಬರ್ಟೊ ದಿ ನೊಬಿಲಿ ಮದುರೆಗೆ ಬಂದ. ಪರಂಗಿಗಳ ಊಟ ಉಡುಗೆ ಬಿಟ್ಟು ಕಾವಿ ಉಟ್ಟ, ಮಾಂಸ ಬಿಟ್ಟ, ತಮಿಳು ಸಂಸ್ಕೃತ ಕಲಿತ. ಅವನ ಶಿಷ್ಯರು ಜನಿವಾರ, ಶಿಖೆ, ಗಂಧ ಉಳಿಸಿಕೊಂಡೇ ಕ್ರೈಸ್ತರಾದರು. ಗೋವಾದವರು ಹುಯಿಲೆಬ್ಬಿಸಿದರು. ದೂರು ರೋಮಿಗೆ ಹೋಯಿತು. 1623ರಲ್ಲಿ 15ನೆಯ ಗ್ರೆಗರಿ ನೊಬಿಲಿಯ ಪರವಾಗಿ ಆಜ್ಞೆ ಕೊಟ್ಟರು. ಕನ್ನಡ ನೆಲಕ್ಕೂ ಅದೇ ದಾರಿ ಬಂತು: 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ದೊ ಚಿನ್ನಾಮಿ ಸಂನ್ಯಾಸಿಯಂತೆ ಬದುಕಿ ಕನ್ನಡದಲ್ಲಿ ಬರೆದ. ಆದರೆ ಪೀಠ ಒಂದೇ ಮಾತಿಗೆ ನಿಲ್ಲಲಿಲ್ಲ. 1704ರಲ್ಲಿ ಪೋಪರ ಪ್ರತಿನಿಧಿ ತುರ್ನೊ ಪುದುಚೇರಿಯಲ್ಲಿ ಕುಳಿತು ಅದಕ್ಕೆಲ್ಲ ತಡೆ ಹಾಕಿದ. 1744ರಲ್ಲಿ 14ನೆಯ ಬೆನೆಡಿಕ್ಟ್ ಆ ತಡೆಯನ್ನು ಗಟ್ಟಿ ಮಾಡಿದರು. ಇಲ್ಲಿಗೆ ಬರುವ ಪ್ರತಿ ಗುರುವೂ ಈ ಪದ್ಧತಿಗಳನ್ನು ಬಿಡುತ್ತೇನೆಂದು ಆಣೆ ಮಾಡಬೇಕಾಯಿತು. ಆಣೆ ತೆಗೆದದ್ದು 1940ರಲ್ಲಿ. ಗಂಧ ಹಚ್ಚಬಹುದೋ ಬಾರದೋ ಎಂಬ ಪ್ರಶ್ನೆಗೆ ರೋಮ್ ಎರಡು ನೂರು ವರ್ಷ ಬಾರದು ಎಂದಿತು.

ಈ ಕತೆ ಹೇಳುವವರು ಸಾಮಾನ್ಯವಾಗಿ ನೊಬಿಲಿಯನ್ನು ಉದಾರಿ, ತುರ್ನೊನನ್ನು ಮೊಂಡ ಎಂದು ಮುಗಿಸುತ್ತಾರೆ. ಆದರೆ ತುರ್ನೊನ ಅದೇ ಆಜ್ಞೆಯಲ್ಲಿ ಇನ್ನೊಂದು ಮಾತಿತ್ತು: ಗುರುಗಳು ಹೊಲೆಗೇರಿಯ ಗುಡಿಸಲಿನೊಳಗೆ ಹೋಗಿ, ರೋಗಿಯ ಪಕ್ಕ ಕುಳಿತು ಸಂಸ್ಕಾರ ಕೊಡಬೇಕು. ಮೇಲ್ಜಾತಿಯವರು ಕೈಬಿಟ್ಟಾರೆಂಬ ಅಂಜಿಕೆಯಿಂದ ಜೆಸ್ವಿತರು ಇದಕ್ಕೇ ಹೆಚ್ಚು ತಕರಾರು ತೆಗೆದರು. ಗಂಧದ ವಿಷಯದಲ್ಲಿ ರೋಮ್ ಸಣ್ಣದಾಯಿತು, ಗುಡಿಸಲಿನ ವಿಷಯದಲ್ಲಿ ದೊಡ್ಡದಾಯಿತು. ಶರಣರ ನೆಲದಲ್ಲಿ ಕುಳಿತು ಈ ಜಗಳವನ್ನು ಓದಿದರೆ ಯಾವ ಪಕ್ಷ ಹಿಡಿಯಬೇಕೆಂಬುದು ಅಷ್ಟು ಸರಳವಾಗಿಲ್ಲ.

ದೇಶನೂರು ಬೈಲಹೊಂಗಲ ತಾಲ್ಲೂಕಿನಲ್ಲಿ, ನೇಸರಗಿ ಕಡೆಯ ಊರು. ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ, ಆ ಆಣೆ ಸಡಿಲಿದ ಮೇಲೆ, ಜೆಸ್ವಿತ ಗುರುಗಳು ಇಲ್ಲಿ ನೆಲೆ ನಿಂತರು. ಬಂಗಲೆ ಕಟ್ಟಲಿಲ್ಲ. ಮದುರೆಯ ನೊಬಿಲಿ ಬ್ರಾಹ್ಮಣರ ಸಂನ್ಯಾಸಿಯನ್ನು ನೋಡಿಕೊಂಡಿದ್ದ. ಇವರು ನೋಡಿಕೊಂಡದ್ದು ನಮ್ಮ ಸೀಮೆಯ ಲಿಂಗಾಯತ ವಿರಕ್ತರನ್ನು. ಮೈಮೇಲೆ ಕಾವಿ, ಸಸ್ಯಾಹಾರ, ನೆಲದ ಮೇಲಿನ ಬದುಕು, ಬಾಯಲ್ಲಿ ಕನ್ನಡ. ತಾವಿದ್ದ ಜಾಗವನ್ನು ವಿರಕ್ತ ಮಠ ಎಂದು ಕರೆದರು. ಅಮಲಾನಂದ ಸ್ವಾಮಿ, ಪ್ರಭುಧರ ಸ್ವಾಮಿ ಎಂಬ ಹೆಸರುಗಳು ಇಲ್ಲಿಯವೇ. ರೋಮಿಗೆ ವಿಧೇಯರಾಗಿರುವುದಾಗಿ ಪ್ರತಿಜ್ಞೆ ಮಾಡಿದ ಜೆಸ್ವಿತರು, ಗುಡಿಮಠಗಳ ಸೀಮೆಯಲ್ಲಿ, ಸ್ವಾಮಿಗಳಾಗಿ ಕುಳಿತರು.

ವಿರಕ್ತನ ಮಾದರಿ ಯಾಕೆ? ಬೈಲಹೊಂಗಲ, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಒಬ್ಬ ಮನುಷ್ಯ ದೇವರ ಕೆಲಸಕ್ಕೆ ತನ್ನನ್ನು ಕೊಟ್ಟುಕೊಂಡಿದ್ದಾನೆ ಎಂದು ಜನಕ್ಕೆ ತಿಳಿಯಬೇಕಾದರೆ ಅವನು ಹೇಗಿರಬೇಕು ಎಂಬುದನ್ನು ಮಠಗಳು ಶತಮಾನಗಳಿಂದ ಕಲಿಸಿಟ್ಟಿವೆ. ಬಾಗಿಲಿಗೆ ಬಂದವರಿಗೆ ಊಟ ಹಾಕಬೇಕು. ಸಂಸಾರ ಇರಬಾರದು. ಮಾತಾಡಿಸಿದರೆ ನಮ್ಮ ಮಾತಲ್ಲೇ ಉತ್ತರ ಬರಬೇಕು. ಬಿಳಿ ನಿಲುವಂಗಿ, ಟೋಪಿ, ಹರಕು ಕನ್ನಡದ ಪಾದ್ರಿಯನ್ನು ಜನ 'ಸಾಹೇಬ' ಎಂದರು. ಕಾವಿಯವನನ್ನು 'ಅಜ್ಜಾರು' ಎನ್ನಲು ಅವರಿಗೆ ತಡವಾಗುವುದಿಲ್ಲ.

ಇದರ ಮೇಲೆ ಆಕ್ಷೇಪ ಎರಡೂ ಕಡೆಯಿಂದ ಇದೆ, ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಕಾವಿ ಹಾಕಿ ಜನರನ್ನು ಮರುಳು ಮಾಡುವ ಉಪಾಯ ಇದು ಎಂಬುದು ಹೊರಗಿನವರ ಸಂಶಯ. ನಮ್ಮ ದೇವಾಲಯ ನಮ್ಮದಾಗಿ ಕಾಣುವುದಿಲ್ಲ ಎಂಬುದು ಒಳಗಿನ ಕೆಲವರ ಕೊರಗು. ಗೋವಾ, ಮಂಗಳೂರು ಕಡೆಯ ಇಗರ್ಜಿಗಳನ್ನು ಕಂಡು ಬೆಳೆದ ಕ್ರೈಸ್ತನಿಗೆ ಮಠದಂಥ ಚರ್ಚು ಅಪರಿಚಿತ. ನಾನು ಕ್ರೈಸ್ತನಲ್ಲ, ಮಠದ ಪ್ರಸಾದ ಉಂಡು ಬೆಳೆದವನು. ನನ್ನ ಮಟ್ಟಿಗೆ ಉತ್ತರ ವ್ರತದಲ್ಲಿದೆ. ವೇಷ ಹಾಕಿದವನು ಆಟ ಮುಗಿದ ಮೇಲೆ ಬಣ್ಣ ತೊಳೆಯುತ್ತಾನೆ. ವರ್ಷಗಟ್ಟಲೆ ಜೋಳದ ರೊಟ್ಟಿ, ಪಲ್ಯ ಉಂಡು ಒಂದೇ ಹಳ್ಳಿಯಲ್ಲಿ ಕೂರುವುದು ಆಟಕ್ಕೆ ಆಗುವ ಕೆಲಸವಲ್ಲ. ಆದರೂ ಆ ಸಂಶಯವನ್ನು ಕೇಳಬಾರದೆಂದು ನಾನು ಹೇಳಲಾರೆ. ಒಂದು ಧರ್ಮದ ಸಂಕೇತವನ್ನು ಇನ್ನೊಂದು ಧರ್ಮ ಎತ್ತಿಕೊಂಡಾಗ ಕೊಟ್ಟವರ ಅಭಿಪ್ರಾಯವನ್ನೂ ಕೇಳಬೇಕಾಗುತ್ತದೆ.

ರೋಮ್ ತಾನೇ ಈ ದಾರಿಗೆ ಬಂದದ್ದು ಆಮೇಲೆ. 1962ರಲ್ಲಿ 23ನೆಯ ಜಾನ್ ಎರಡನೆಯ ವ್ಯಾಟಿಕನ್ ಸಭೆ ಕರೆದರು. 1963ರ ಡಿಸೆಂಬರಿನಲ್ಲಿ ಬಲಿಪೂಜೆಯನ್ನು ಜನರ ಭಾಷೆಯಲ್ಲಿ ಮಾಡಲು ದಾರಿಯಾಯಿತು. 1965ರಲ್ಲಿ ಅನ್ಯಧರ್ಮಗಳಲ್ಲಿ ಇರುವ ಸತ್ಯವನ್ನೂ ಪಾವಿತ್ರ್ಯವನ್ನೂ ಸಭೆ ತಳ್ಳಿಹಾಕುವುದಿಲ್ಲ ಎಂಬ ಘೋಷಣೆ ಬಂತು. ಅದರಲ್ಲಿ ಹಿಂದೂ ಧರ್ಮದ ಹೆಸರು ಹಿಡಿದೇ ಮಾತಾಡಿದೆ. 1969ರಲ್ಲಿ ಭಾರತದ ಬಿಷಪ್ಪರು ಕೇಳಿದ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು: ಪಾದರಕ್ಷೆ ಕಳಚಿ ನೆಲದ ಮೇಲೆ ಕೂರುವುದು, ಕೈಮುಗಿಯುವುದು, ದೀಪ, ಆರತಿ. ಆರತಿಗೂ ಅರ್ಜಿ ಹಾಕಿ ಅನುಮತಿ ಪಡೆಯಬೇಕೇ ಎಂದು ನಮ್ಮಂಥವರಿಗೆ ನಗು ಬರಬಹುದು. ಆದರೆ ದೇಶನೂರಿನ ವಿರಕ್ತ ಮಠದ ಮಂದಿ ಅದೇ ದಿಕ್ಕಿಗೆ ಮುಖ ಮಾಡಿ ನಡೆಯಲು ಶುರುಮಾಡಿದಾಗ ಅಂಥ ಅನುಮತಿಯ ಕಾಗದ ಇನ್ನೂ ಯಾರ ಮೇಜಿನ ಮೇಲೂ ಇರಲಿಲ್ಲ ಎಂಬುದನ್ನು ನೆನೆದರೆ ಅವರ ಧೈರ್ಯ ತಿಳಿಯುತ್ತದೆ.

ಲ್ಯಾಟಿನ್ ಹೋಗಿ ಕನ್ನಡ ಬಂದದ್ದು ಈ ನಾಲ್ಕು ತಾಲ್ಲೂಕಿನ ಮಟ್ಟಿಗೆ ದೊಡ್ಡ ಸಂಗತಿ. ಬೆಳಗಾವಿ ಊರಿನಲ್ಲಿ ಯಾವ ಹೊತ್ತಿನ ಪೂಜೆ ಯಾವ ಭಾಷೆಯಲ್ಲಿ ಎಂಬುದಕ್ಕೆ ಕೊಂಕಣಿ, ಮರಾಠಿ, ಕನ್ನಡ, ಇಂಗ್ಲಿಷುಗಳ ನಡುವೆ ಹೊಂದಾಣಿಕೆ ಬೇಕು. ಅಲ್ಲಿಯ ಗಡಿ ಜಗಳದ ಬಿಸಿ ಎಲ್ಲಕ್ಕೂ ತಟ್ಟುತ್ತದೆ. ಮಲಪ್ರಭೆಯ ಈ ದಂಡೆಗೆ ಆ ತೊಡಕಿಲ್ಲ. ಪೂಜೆಯ ನಡುವೆ ರೋಮಿನ ಗುರುವಿಗಾಗಿಯೂ ಬೆಳಗಾವಿಯ ಬಿಷಪ್ಪರಿಗಾಗಿಯೂ ಒಂದೇ ಉಸಿರಿನಲ್ಲಿ ಪ್ರಾರ್ಥಿಸುವ ಮಾತನ್ನು ಹೊಲದಿಂದ ಬಂದ ಮುದುಕಿಯೂ ಈಗ ತಿಳಿದು ಕೇಳುತ್ತಾಳೆ. 1986ರ ಫೆಬ್ರವರಿ 6ರಂದು 2ನೆಯ ಜಾನ್ ಪಾಲ್ ಮಂಗಳೂರಿಗೆ ಬಂದಿದ್ದರು. ಕನ್ನಡ ನೆಲಕ್ಕೆ ಪೋಪರು ಬಂದದ್ದು ಅದೊಂದೇ ಸಲ.

2025ರ ಮೇ 8ರ ರಾತ್ರಿ ರೋಮಿನ ಚಿಮಣಿಯಲ್ಲಿ ಬಿಳಿ ಹೊಗೆ ಕಂಡು, ಹೊಸ ಪೋಪರು 14ನೆಯ ಲಿಯೊ ಎಂದು ಹೆಸರು ತೆಗೆದುಕೊಂಡರೆಂದು ಸುದ್ದಿ ಬಂತು. ಅವರು ನೆನೆದದ್ದು 1886ರಲ್ಲಿ ಪುಣೆ ಧರ್ಮಪ್ರಾಂತ್ಯವನ್ನು ಮಾಡಿದ ಅದೇ 13ನೆಯ ಲಿಯೊ ಅವರನ್ನು. ಅವರ ಕಾರ್ಮಿಕರ ಪರವಾದ 1891ರ ಪತ್ರದ ಕಾರಣಕ್ಕೆ ಎಂದು ಹೊಸ ಪೋಪರೇ ಹೇಳಿಕೊಂಡರು.

ರೋಮಿನ ಕಾಗದಗಳು ರೋಮಿನಲ್ಲಿ ಭದ್ರವಾಗಿವೆ. ಮತೇವುಸ್ ದಿ ಕಾಸ್ತ್ರೊ ಬರೆದ ದೂರುಗಳೂ ಅಲ್ಲಿ ಸಿಗುತ್ತವೆ. ದೇಶನೂರಿನ ಸ್ವಾಮಿಗಳನ್ನು ಕಣ್ಣಾರೆ ಕಂಡವರು ಮಾತ್ರ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಯಾರ ಮನೆಯಲ್ಲಾದರೂ ಅವರ ಫೋಟೊ, ಪತ್ರ, ಔಷಧದ ಚೀಟಿ, ಅವರು ಹೇಳಿಕೊಟ್ಟ ಹಾಡಿನ ವಹಿ ಇದ್ದರೆ, ಜಾತಿ ಧರ್ಮದ ಲೆಕ್ಕ ಹಾಕದೆ, ಹತ್ತಿರದ ಚರ್ಚಿನ ಗುರುಗಳಿಗೆ ಒಂದು ಪ್ರತಿ ತಲುಪಿಸಿ. ಅವರನ್ನು ಕಂಡು ಮಾತಾಡಿದ ಹಿರಿಯರು ಮನೆಯಲ್ಲಿದ್ದರೆ, ಈ ದೀಪಾವಳಿ ಬರುವ ಮುಂಚೆಯೇ ಮುಂದೆ ಕುಳಿತು ಕೇಳಿ ಬರೆದುಕೊಳ್ಳಿ.